ಮುಂಬಯಿಯ ಹೆದ್ದಾರಿಗಳಲ್ಲಿ ಸರಕಿನ ಬಂಡಿಯ ವೇಗ: ಒಂದು ಐತಿಹಾಸಿಕ ಸಮೀಕ್ಷೆ

1

ಸರಕನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಕೆಲಸವು ನಾಗರಿಕತೆಯಷ್ಟೇ ಪ್ರಾಚೀನವಾದುದು; ಅದನ್ನು ಅವಸರದಿಂದ ಒಯ್ಯಬೇಕೆಂಬ ಒತ್ತಾಯವು ಮಾತ್ರ ತೀರ ಈಚಿನದು. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಅಯ್ಯಾವೊಳೆಯ ಐನೂರ್ವರ ಪರಿಚಯವುಂಟು. ಎತ್ತುಗಳ ಬೆನ್ನ ಮೇಲೆ ಸರಕನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಸಂಚರಿಸುತ್ತಿದ್ದ ವರ್ತಕರ ಸಂಘವದು. ಅವರ ಸರಕಿನ ಮೇಲೆ ವಿಧಿಸುತ್ತಿದ್ದ ಪೆರ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರುಗಳು ಚಾಲುಕ್ಯರ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಸುಂಕದ ಲೆಕ್ಕಕ್ಕೆ ಆಧಾರವಾದದ್ದು 'ಹೇರು', ಎಂದರೆ ಒಂದು ಪ್ರಾಣಿಯು ಹೊರಬಲ್ಲಷ್ಟು ಭಾರ. ಸರಕಿನ ತೂಕ, ಸರಕಿನ ಬಗೆ, ಸರಕಿನ ಒಡೆಯ ಇವೆಲ್ಲ ಅರಸನ ಸುಂಕದವನ ಕಣ್ಣಿಗೆ ಬೀಳುತ್ತಿದ್ದವು. ವೇಗವು ಬೀಳುತ್ತಿರಲಿಲ್ಲ, ಏಕೆಂದರೆ ಎತ್ತಿನ ನಡಿಗೆಗೆ ಮಿತಿಯನ್ನು ಪ್ರಕೃತಿಯೇ ವಿಧಿಸಿತ್ತು.

ಮುಂಬಯಿಯ ಸ್ಥಿತಿಯೂ ಬಹುಕಾಲ ಇದೇ ಆಗಿತ್ತು. ದಖ್ಖನಿನ ಸರಕು ಸಹ್ಯಾದ್ರಿಯನ್ನು ಇಳಿದು ಕರಾವಳಿಗೆ ಬರಬೇಕಾದರೆ ಹೇರೆತ್ತುಗಳೇ ಗತಿಯಾಗಿದ್ದವು. 1830ರಲ್ಲಿ ಗವರ್ನರ್ ಸರ್ ಜಾನ್ ಮಾಲ್ಕಮ್ ಬೋರಘಾಟದ ಹೊಸ ದಾರಿಯನ್ನು ತೆರೆದ ಮೇಲೆ ಗಾಡಿಗಳ ಸಂಚಾರಕ್ಕೆ ಅನುಕೂಲವಾಯಿತು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. 1874ರಲ್ಲಿ ಕುದುರೆ ಎಳೆಯುವ ಟ್ರಾಮು, 1907ರಲ್ಲಿ ವಿದ್ಯುತ್ ಟ್ರಾಮು, 1926ರಲ್ಲಿ ಬಸ್ಸು ಬಂದವು. ಇಷ್ಟಾದರೂ ಗೋದಿಯಿಂದ ಅಂಗಡಿಗೆ ಸರಕು ಹೋಗುತ್ತಿದ್ದುದು ಎತ್ತಿನ ಗಾಡಿಯಲ್ಲಿ ಅಥವಾ ಕೂಲಿಯವನು ನೂಕುವ ಕೈಗಾಡಿಯಲ್ಲಿ. ಮನುಷ್ಯರು ವೇಗವಾಗಿ ಓಡಾಡತೊಡಗಿದ ಎಷ್ಟೋ ವರ್ಷಗಳ ತರುವಾಯವೂ ಅವರ ಅಕ್ಕಿ, ತರಕಾರಿ, ಬಟ್ಟೆಬರೆಗಳು ನಡೆದೇ ಬರುತ್ತಿದ್ದವು.

ಈ ನಡಿಗೆಯು ಓಟವಾದುದು ಹೇಗೆ? ಇಂದು ಪೂರ್ವ ಮತ್ತು ಪಶ್ಚಿಮ ಎಕ್ಸ್‌ಪ್ರೆಸ್ ಹೈವೇಗಳಲ್ಲಿ ಬೆಳಗಿನ ಜಾವದಿಂದ ಮೊದಲ್ಗೊಂಡು ಕಾರು, ಬಸ್ಸು, ಮೋಟಾರ್ ಸೈಕಲ್ಲುಗಳ ನಡುವೆ ತೂರಿಕೊಂಡು ಧಾವಿಸುವ ಪಿಕಪ್ ಗಾಡಿಯ ಅವಸರವು ಯಾರದು? ದಂಡವಿಧಿಯು ಅದನ್ನು ಚಾಲಕನ ಹೆಸರಿಗೆ ಬರೆದಿದೆ. ಇತಿಹಾಸವು ಈ ಬರಹವನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತದೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

2

ಭಾರತದಲ್ಲಿ ದುಡುಕಿನ ಚಾಲನೆಯನ್ನು ಅಪರಾಧವೆಂದು ಸಾರಿದ ಕಾನೂನು ಮೋಟಾರು ವಾಹನಕ್ಕಿಂತ ಹಳೆಯದು. 1860ರ ಭಾರತೀಯ ದಂಡಸಂಹಿತೆಯ 279ನೆಯ ಕಲಮು ಸಾರ್ವಜನಿಕ ಮಾರ್ಗದಲ್ಲಿ ಮನುಷ್ಯಪ್ರಾಣಕ್ಕೆ ಅಪಾಯವಾಗುವಂತೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ವಾಹನ ನಡೆಸುವವನಿಗೆ, ಹಾಗೆಯೇ ಸವಾರಿ ಮಾಡುವವನಿಗೆ, ಆರು ತಿಂಗಳವರೆಗಿನ ಸೆರೆಯನ್ನು ಅಥವಾ ಸಾವಿರ ರೂಪಾಯಿಗಳವರೆಗಿನ ಜುಲ್ಮಾನೆಯನ್ನು ಅಥವಾ ಎರಡನ್ನೂ ವಿಧಿಸಿತ್ತು. ಅದನ್ನು ಬರೆದವರ ಕಣ್ಣ ಮುಂದೆ ಇದ್ದುದು ಕುದುರೆಯ ಸಾರೋಟುಗಳು. ಸಾವನ್ನುಂಟುಮಾಡಿದ ನಿರ್ಲಕ್ಷ್ಯಕ್ಕೆ ಸಂಬಂಧಿಸಿದ 304ಎ ಕಲಮು 1870ರಲ್ಲಿ ಸೇರಿತು. ಅದರ ಗರಿಷ್ಠ ಶಿಕ್ಷೆ ಎರಡು ವರ್ಷಗಳ ಸೆರೆ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದಾಗ ಈ ಎರಡನೆಯ ಅಪರಾಧದ ಗರಿಷ್ಠ ಶಿಕ್ಷೆ ಐದು ವರ್ಷಗಳಿಗೆ ಏರಿತು. ಮೊದಲನೆಯದು ಮಾತ್ರ 281ನೆಯ ಕಲಮೆಂಬ ಹೊಸ ಸಂಖ್ಯೆಯನ್ನು ಪಡೆದು, ಅದೇ ಆರು ತಿಂಗಳು ಮತ್ತು ಅದೇ ಸಾವಿರ ರೂಪಾಯಿಗಳೊಡನೆ ಮುಂದುವರಿಯಿತು. 1860ರಲ್ಲಿ ಸಾವಿರ ರೂಪಾಯಿ ದೊಡ್ಡ ಮನೆತನವನ್ನೂ ಅಲುಗಿಸಬಲ್ಲ ಮೊತ್ತವಾಗಿತ್ತು. ಇಂದು ಅದು ಪಿಕಪ್ಪಿನ ತೊಟ್ಟಿಗೆ ಹಾಕಿಸುವ ಕೆಲವೇ ಲೀಟರು ಡೀಸೆಲ್ಲಿನ ಬೆಲೆ.

ವೇಗಕ್ಕೆ ಸಂಖ್ಯೆಯ ಮಿತಿಯನ್ನು ಗೊತ್ತುಮಾಡುವ ಪದ್ಧತಿಯು ಇಂಗ್ಲೆಂಡಿನಲ್ಲಿ ಬೆಳೆದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡಬಹುದು. 1865ರ ಕಾಯಿದೆಯು ರಸ್ತೆಯ ಮೇಲೆ ಓಡುವ ಉಗಿಯಂತ್ರಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಎಂದು ಕಟ್ಟು ಹಾಕಿತು. ಯಂತ್ರದ ಮುಂದೆ 60 ಗಜ ದೂರದಲ್ಲಿ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕೆಂಬ ನಿಯಮವೂ ಅದರಲ್ಲಿತ್ತು. ಎಂದರೆ, ಯಂತ್ರವು ಎಷ್ಟೇ ಬಲವುಳ್ಳದ್ದಾದರೂ ದಾರಿಯಲ್ಲಿ ನಡೆಯುವವನ ಹೆಜ್ಜೆಗೆ ತಕ್ಕಂತೆ ಚಲಿಸಬೇಕೆಂಬುದು ಆ ಕಾಯಿದೆಯ ಅಭಿಪ್ರಾಯವಾಗಿತ್ತು. 1896ರಲ್ಲಿ ಈ ಮಿತಿಯು ಗಂಟೆಗೆ 14 ಮೈಲಿಗೆ ಏರಿತು. ಅದೇ ವರ್ಷದ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಮೋಟಾರು ಗಾಡಿಗೆ ಸಿಕ್ಕಿ ಮರಣ ಹೊಂದಿದಳು. ಬ್ರಿಟನ್ನಿನಲ್ಲಿ ಕಾರಿನಿಂದ ಸತ್ತ ಮೊದಲ ಪಾದಚಾರಿಯೆಂದು ಇತಿಹಾಸವು ಆಕೆಯನ್ನು ನೆನೆಯುತ್ತದೆ. 1903ರಲ್ಲಿ ಮಿತಿಯು 20 ಮೈಲಿಯಾಯಿತು. 1930ರ ಕಾಯಿದೆಯು ಕಾರುಗಳಿಗೆ ವೇಗದ ಮಿತಿಯನ್ನೇ ತೆಗೆದುಹಾಕಿತು. ಐದು ವರ್ಷ ಕಳೆಯುವಷ್ಟರಲ್ಲಿ, 1935ರಲ್ಲಿ, ಜನವಸತಿಯ ಪ್ರದೇಶಗಳಲ್ಲಿ 30 ಮೈಲಿಯ ಮಿತಿಯನ್ನು ಮತ್ತೆ ತರಬೇಕಾಯಿತು. ಯಂತ್ರದ ಶಕ್ತಿ ಹೆಚ್ಚಿದಂತೆ ಮಿತಿಯನ್ನು ಸಡಿಲಿಸುವುದು, ಸಾವುಗಳ ಲೆಕ್ಕ ಕೈಗೆ ಬಂದ ಮೇಲೆ ಬಿಗಿಗೊಳಿಸುವುದು, ಈ ಹಿಂದುಮುಂದಿನ ಚಲನೆಯು ಮುಂದೆ ಬೇರೆ ದೇಶಗಳಲ್ಲಿಯೂ ಕಂಡುಬರುತ್ತದೆ.

ಭಾರತದಲ್ಲಿ 1914ರ ಮೋಟಾರು ವಾಹನ ಕಾಯಿದೆ, ಅದರ ಸ್ಥಾನದಲ್ಲಿ ಬಂದ 1939ರ ಕಾಯಿದೆ, 1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಕಾಯಿದೆ, ಇವು ಮೂರೂ ಇದೇ ಪರಂಪರೆಯ ಸಂತಾನಗಳು.

3

ಪಿಕಪ್ ಎಂಬ ಗಾಡಿಯ ತವರು ಅಮೆರಿಕ. ಅಲ್ಲಿನ ರೈತರು ಕಾರಿನ ಹಿಂಬದಿಯನ್ನು ಕತ್ತರಿಸಿ ಮರದ ಪೆಟ್ಟಿಗೆಯನ್ನು ಜೋಡಿಸಿಕೊಳ್ಳುವ ರೂಢಿಯನ್ನು ಕಂಡ ಫೋರ್ಡ್ ಕಂಪನಿಯು 1925ರಲ್ಲಿ ತನ್ನ 'ಮಾಡೆಲ್ ಟಿ' ಕಾರಿಗೆ ಕಾರ್ಖಾನೆಯಲ್ಲಿಯೇ ಉಕ್ಕಿನ ತೊಟ್ಟಿಯನ್ನು ಕೂಡಿಸಿ ಮಾರಾಟಕ್ಕೆ ತಂದಿತು. ಬೆಲೆ 281 ಡಾಲರ್; ಎಂಜಿನ್ನಿನ ಬಲ 20 ಅಶ್ವಶಕ್ತಿ. ಮುಂದೆ ಕಾರು, ಹಿಂದೆ ಬಂಡಿ ಎಂಬ ಈ ಜೋಡಣೆಯಲ್ಲಿಯೇ ಅದರ ಗುಣವೂ ದೋಷವೂ ಅಡಗಿವೆ. ಚಾಲಕನಿಗೆ ಅದು ಕಾರಿನಂತೆ ಓಡುತ್ತದೆ. ನಿಲ್ಲುವಾಗ ಮಾತ್ರ ಲಾರಿಯ ಭಾರವನ್ನು ಜ್ಞಾಪಿಸುತ್ತದೆ. ಹಿಂದಿನ ಅಚ್ಚಿನ ಮೇಲಿನ ಪಟ್ಟಿಸ್ಪ್ರಿಂಗುಗಳನ್ನು ತುಂಬಿದ ಹೊರೆಗೆಂದು ಮಾಡಿರುವುದರಿಂದ ತೊಟ್ಟಿ ಬರಿದಾಗಿದ್ದಾಗ ಹಿಂಭಾಗವು ಹಗುರವಾಗಿ ಕುಪ್ಪಳಿಸುತ್ತದೆ. ಆಗ ಬಲವಾಗಿ ಬ್ರೇಕು ಒತ್ತಿದರೆ ಹಿಂದಿನ ಚಕ್ರಗಳು ಹಿಡಿತ ತಪ್ಪಿ ಜಾರುತ್ತವೆ. ಹೊರೆಯನ್ನು ಎತ್ತರವಾಗಿ ಪೇರಿಸಿದಾಗಲಾದರೋ ಗುರುತ್ವದ ಕೇಂದ್ರವು ಮೇಲೇರಿ, ತಿರುವಿನಲ್ಲಿ ಗಾಡಿಯು ವಾಲುತ್ತದೆ. ಹೀಗೆ ಒಂದೇ ಗಾಡಿಯು ಹೋಗುವಾಗ ಒಂದು ಸ್ವಭಾವದ್ದಾಗಿಯೂ ಹಿಂದಿರುಗುವಾಗ ಬೇರೊಂದು ಸ್ವಭಾವದ್ದಾಗಿಯೂ ಇರುತ್ತದೆ.

ನಗರದೊಳಗೆ ಅಡೆತಡೆಯಿಲ್ಲದ ಮಾರ್ಗವನ್ನು ಕಟ್ಟುವ ಕಲ್ಪನೆಯೂ ಅಮೆರಿಕದಲ್ಲಿ ಬಲಿಯಿತು. 1940ರ ಡಿಸೆಂಬರ್ 30ರಂದು ಲಾಸ್ ಏಂಜಲೀಸಿನಿಂದ ಪ್ಯಾಸಡೀನಾಕ್ಕೆ ತೆರೆದ ಅರೋಯೊ ಸೆಕೊ ಮಾರ್ಗವನ್ನು ಗಂಟೆಗೆ 45 ಮೈಲಿಯ ವೇಗಕ್ಕೆ ರಚಿಸಲಾಗಿತ್ತು. ವಾಹನಗಳು ಕೆಲವೇ ವರ್ಷಗಳಲ್ಲಿ ಆ ವೇಗವನ್ನು ಮೀರಿದವು. ರಸ್ತೆಯ ತಿರುವುಗಳು ಮಾತ್ರ ಹಿಂದಿನಂತೆಯೇ ಉಳಿದವು. 1973ರ ತೈಲದ ಬಿಕ್ಕಟ್ಟಿನಿಂದಾಗಿ 1974ರಲ್ಲಿ ಅಮೆರಿಕವು ದೇಶಾದ್ಯಂತ 55 ಮೈಲಿಯ ಮಿತಿಯನ್ನು ಹೇರಿತು. ಉದ್ದೇಶವು ಪೆಟ್ರೋಲಿನ ಉಳಿತಾಯ. ಫಲವಾಗಿ ಉಳಿದದ್ದು ಪ್ರಾಣ. ರಸ್ತೆಯ ಮರಣಗಳು 1973ರಲ್ಲಿ ಸುಮಾರು 54 ಸಾವಿರ ಇದ್ದುವು, 1974ರಲ್ಲಿ ಸುಮಾರು 45 ಸಾವಿರಕ್ಕೆ ಇಳಿದವು. ಆ ವರ್ಷ ಜನರು ಕಡಿಮೆ ಪ್ರಯಾಣ ಮಾಡಿದರೆಂಬುದೂ ಇದಕ್ಕೆ ಒಂದು ಕಾರಣ. ವೇಗವು ತಗ್ಗಿದುದು ಇನ್ನೊಂದು. 1995ರಲ್ಲಿ ಆ ಕಾನೂನನ್ನು ರದ್ದುಮಾಡಲಾಯಿತು.

ಅಮೆರಿಕದ ಈ ಕಲ್ಪನೆಯು ಮುಂಬಯಿಗೆ ನೇರವಾಗಿಯೇ ಬಂದಿತು. ನಗರಸಭೆಯ ಎಂಜಿನಿಯರ್ ಎನ್. ವಿ. ಮೋಡಕ್ ಹಾಗೂ ನ್ಯೂಯಾರ್ಕಿನ ಯೋಜಕ ಆಲ್ಬರ್ಟ್ ಮೇಯರ್ ಕೂಡಿ ಸಿದ್ಧಪಡಿಸಿದ 1948ರ ಬೃಹನ್ಮುಂಬಯಿ ಯೋಜನೆಯು ನಗರದ ಪೂರ್ವ ಪಶ್ಚಿಮಗಳಲ್ಲಿ ದ್ರುತಮಾರ್ಗಗಳನ್ನು ಸೂಚಿಸಿತು. 1960ರ ದಶಕದ ಆದಿಯಲ್ಲಿ ವಿಲ್ಬರ್ ಸ್ಮಿತ್ ಎಂಬ ಅಮೆರಿಕನ್ ಸಂಸ್ಥೆಯು ನಗರದ ಸಂಚಾರವನ್ನು ಅಭ್ಯಸಿಸಿ ಇನ್ನಷ್ಟು ಮುಕ್ತಮಾರ್ಗಗಳನ್ನು ಶಿಫಾರಸು ಮಾಡಿತು. 2013ರಲ್ಲಿ ತೆರೆದ ಪೂರ್ವ ಮುಕ್ತಮಾರ್ಗದ ಬೀಜವು ಆ ವರದಿಯಲ್ಲಿದೆ.

4

ಪೂರ್ವ ಮತ್ತು ಪಶ್ಚಿಮದ ಎರಡು ಹೆದ್ದಾರಿಗಳು 1950ರ ಮತ್ತು 1960ರ ದಶಕಗಳಲ್ಲಿ ರೂಪುಗೊಂಡವು. ಮರಾಠಿಯಲ್ಲಿ ಅವುಗಳ ಹೆಸರು 'ದ್ರುತಗತಿ ಮಹಾಮಾರ್ಗ'. ಒಂದು ಶೀವದಿಂದ ಠಾಣೆಯ ಕಡೆಗೆ, ಇನ್ನೊಂದು ಮಾಹಿಮ್ ಖಾರಿಯ ಉತ್ತರದಿಂದ ದಹಿಸರದ ಕಡೆಗೆ ಸಾಗುತ್ತದೆ. ಪಶ್ಚಿಮದ ಮಾರ್ಗದ ಉದ್ದ ಸುಮಾರು 25 ಕಿಲೋಮೀಟರ್. 1950ರಲ್ಲಿ ನಗರದ ಎಲ್ಲೆಯು ಅಂಧೇರಿಯವರೆಗೆ, 1957ರಲ್ಲಿ ದಹಿಸರ ಮತ್ತು ಮುಲುಂಡದವರೆಗೆ ವಿಸ್ತರಿಸಿತು. ಊರಿನ ಅಂಚಿನಲ್ಲಿ, ವಸತಿಯಿಂದ ದೂರವಾಗಿ ಹಾಯಲೆಂದು ಹಾಕಿದ ರಸ್ತೆಗಳು ಹೀಗೆ ಊರಿನ ನಡುವಿಗೇ ಬಂದವು. ಇಬ್ಬದಿಗಳಲ್ಲಿ ವಸಾಹತುಗಳು, ಶಾಲೆಗಳು, ಕಾರ್ಖಾನೆಗಳು ಎದ್ದವು. ಹೆದ್ದಾರಿಯನ್ನು ದಾಟುವುದು ಲಕ್ಷಾಂತರ ಜನರ ನಿತ್ಯದ ಅಗತ್ಯವಾಯಿತು. 1990ರ ದಶಕದ ಕೊನೆಯಲ್ಲಿ ರಾಜ್ಯ ರಸ್ತೆ ಅಭಿವೃದ್ಧಿ ನಿಗಮದ ಮೂಲಕ ಮೇಲ್ಸೇತುವೆಗಳು ನಿರ್ಮಾಣಗೊಂಡಾಗ ನಾಲ್ಕು ದಾರಿಗಳು ಕೂಡುವಲ್ಲಿ ನಿಲ್ಲಬೇಕಾದ ಪ್ರಸಂಗವು ತಪ್ಪಿತು. ದೂರದಿಂದ ಬಂದ ವಾಹನವು ಸೇತುವೆಯ ಇಳಿಜಾರಿನಲ್ಲಿ ವೇಗ ಪಡೆದು ಕೆಳಗಿಳಿಯುವ ಸ್ಥಳದಲ್ಲಿಯೇ ಬಸ್ಸಿನ ನಿಲುಗಡೆ, ರಿಕ್ಷಾಗಳ ಗುಂಪು, ಪಕ್ಕದ ರಸ್ತೆಯಿಂದ ಬಂದು ಸೇರುವ ವಾಹನಗಳ ಸಾಲು, ಇವುಗಳನ್ನು ಎದುರಿಸಬೇಕಾಗುತ್ತದೆ. ಇದೊಂದು ಅಪೂರ್ವ ರಸ್ತೆ. ಇದರ ಹೆಸರು ದ್ರುತಗತಿ. ಇದರ ಮೇಲಿನ ಜೀವನವು ಪೇಟೆಯ ಬೀದಿಯದು.

5

ಈ ರಸ್ತೆಗೆ ತಕ್ಕ ಸರಕಿನ ಗಾಡಿ ಯಾವಾಗ ಬಂದಿತು? ಮೋಟಾರು ಜೋಡಿಸುವ ಉದ್ಯಮದಲ್ಲಿ ಮುಂಬಯಿ ಮೊದಲಿನಿಂದಲೂ ಮುಂದಿತ್ತು. ಜನರಲ್ ಮೋಟಾರ್ಸ್ 1928ರಲ್ಲಿ ಶಿವಡಿಯಲ್ಲಿ ಕಾರ್ಖಾನೆ ತೆರೆದಿತ್ತು. ಆದರೆ ಚಿಕ್ಕ ವರ್ತಕನ ಕೈಗೆ ಎಟಕುವ ಗಾಡಿ ಬಂದುದು ಬಜಾಜ್ ಟೆಂಪೊ ಸಂಸ್ಥೆಯಿಂದ. 1958ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಗೋರೆಗಾಂವದಲ್ಲಿ ಜರ್ಮನಿಯ 'ಟೆಂಪೊ' ಕಂಪನಿಯ 'ಹಾನ್ಸಿಯಾಟ್' ಎಂಬ ಮೂರು ಚಕ್ರದ ಗಾಡಿಯನ್ನು ತಯಾರಿಸತೊಡಗಿತು. ಕಂಪನಿಯ ಹೆಸರು ಬೇಗನೆ ಜಾತಿವಾಚಕವಾಯಿತು. ಕನ್ನಡ, ಮರಾಠಿ, ಹಿಂದಿ ಮೂರರಲ್ಲಿಯೂ ಸರಕು ಸಾಗಿಸುವ ಚಿಕ್ಕ ಗಾಡಿಯೆಲ್ಲವೂ, ಅದನ್ನು ಯಾರೇ ಮಾಡಿರಲಿ, 'ಟೆಂಪೊ' ಆಯಿತು. 2005ರಲ್ಲಿ ಆ ಸಂಸ್ಥೆಯು ತನ್ನ ಹೆಸರನ್ನು ಫೋರ್ಸ್ ಮೋಟಾರ್ಸ್ ಎಂದು ಬದಲಾಯಿಸಿಕೊಂಡ ಮೇಲೂ ಜನರ ಬಾಯಲ್ಲಿ ಟೆಂಪೊ ಉಳಿದಿದೆ.

ಈ ಪದದ ಅರ್ಥವು ಗಮನಾರ್ಹವಾದುದು. ಇಟಲಿಯ ಭಾಷೆಯಲ್ಲಿ ಟೆಂಪೊ ಎಂದರೆ ಕಾಲ. ಪಾಶ್ಚಾತ್ಯ ಸಂಗೀತದಲ್ಲಿ ವಿಲಂಬ, ದ್ರುತ ಮೊದಲಾದ ಗತಿಗಳನ್ನು ಸೂಚಿಸುವ ಪದ. ಜರ್ಮನ್ ಭಾಷೆಯಲ್ಲಿ ವೇಗ. ಗುಡುಗುಡು ಸದ್ದಿನೊಡನೆ ನಿಧಾನವಾಗಿ ತೆವಳುತ್ತಿದ್ದ ಮೂರು ಚಕ್ರದ ಗಾಡಿಯು ವೇಗವೆಂಬ ಹೆಸರನ್ನು ಹೊತ್ತುಕೊಂಡು ಬಂದಿತ್ತು. ಹೆಸರಿಗೆ ತಕ್ಕ ನಡೆಯು ಅದರ ವಂಶದಲ್ಲಿ ಕಾಣಿಸಿಕೊಳ್ಳಲು ಸುಮಾರು ಅರ್ಧ ಶತಮಾನ ಬೇಕಾಯಿತು.

2005ರಲ್ಲಿಯೇ ಟಾಟಾ ಮೋಟಾರ್ಸ್ ಸಂಸ್ಥೆಯು ಪುಣೆಯಲ್ಲಿ ತಯಾರಿಸಿದ 'ಏಸ್' ಗಾಡಿಯನ್ನು ಮಾರುಕಟ್ಟೆಗೆ ತಂದಿತು. ನಾಲ್ಕು ಚಕ್ರ, ಎರಡು ಸಿಲಿಂಡರು, 16 ಅಶ್ವಶಕ್ತಿ, ಮುಕ್ಕಾಲು ಟನ್ ಹೊರೆ. 1925ರ ಫೋರ್ಡ್ ಪಿಕಪ್ಪಿಗಿಂತಲೂ ಎಂಜಿನ್ನಿನ ಬಲ ಕಡಿಮೆಯೇ. ಜನರು ಅದನ್ನು 'ಛೋಟಾ ಹಾಥಿ' ಎಂದು ಕರೆದರು. ಇದೇ ವರ್ಗದ ಗಾಡಿಗಳು ಮುಂದೆ ಧಾರವಾಡದ ಕಾರ್ಖಾನೆಯಲ್ಲಿಯೂ ತಯಾರಾದವು. ಇದಕ್ಕಿಂತ ದೊಡ್ಡದಾದ, ಜೀಪಿನ ವಂಶಕ್ಕೆ ಸೇರಿದ ಮಹೀಂದ್ರ ಪಿಕಪ್ಪುಗಳು ಸುಮಾರು ಒಂದೂವರೆ ಟನ್ ಹೊರೆಯನ್ನು ಹೊತ್ತು ಕಾರುಗಳಿಗೆ ಸರಿಸಮನಾಗಿ ಹೆದ್ದಾರಿಯಲ್ಲಿ ಓಡುವ ಸಾಮರ್ಥ್ಯವನ್ನು ಪಡೆದವು.

ಗಾಡಿಯು ಬಂದರೆ ಸಾಲದು, ಅದನ್ನು ಕೊಳ್ಳುವ ಹಣ ಬರಬೇಕು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಕರ್ನಾಟಕದ ಕರಾವಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿಯೂ ಬೆಳೆದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಆ ಹದಿನಾಲ್ಕರಲ್ಲಿ ಸೇರಿದ್ದವು. ಆದ್ಯತಾ ರಂಗವೆಂಬ ಹೊಸ ಸಾಲನೀತಿಯಲ್ಲಿ ಕೃಷಿ, ಸಣ್ಣ ಕೈಗಾರಿಕೆಗಳ ಜೊತೆಗೆ ಸಣ್ಣ ಸಾರಿಗೆದಾರನಿಗೂ ಸ್ಥಾನ ದೊರೆಯಿತು. ನಿನ್ನೆಯವರೆಗೆ ಇನ್ನೊಬ್ಬರ ಲಾರಿಯಲ್ಲಿ ಕ್ಲೀನರನಾಗಿದ್ದವನು ತನ್ನದೇ ಗಾಡಿಗೆ ಒಡೆಯನಾಗಬಹುದಾಯಿತು. ಇದು ಸಾಮಾನ್ಯವಾದ ಬದಲಾವಣೆಯಲ್ಲ. ಎಷ್ಟೋ ಕುಟುಂಬಗಳು ಇದರಿಂದ ಬಡತನದ ರೇಖೆಯನ್ನು ದಾಟಿದವು. ಅದರೊಡನೆಯೇ ಒಂದು ಹೊಸ ಗಡಿಯಾರವೂ ಆ ಕುಟುಂಬಗಳ ಮನೆ ಸೇರಿತು. ಸಾಲದ ಕಂತು ತಿಂಗಳ ಗೊತ್ತಾದ ದಿನ ಬರುತ್ತದೆ. ಬಾಡಿಗೆಯು ಸುತ್ತಿನ ಲೆಕ್ಕದಲ್ಲಿ ಬರುತ್ತದೆ. ದಿನಕ್ಕೆ ಎರಡು ಸುತ್ತು ಹೊಡೆದರೆ ಡೀಸೆಲ್ಲು ಮತ್ತು ಕಂತಿಗೆ ಸಾಕಾದರೆ, ಮನೆಯ ಖರ್ಚಿಗೆ ಮೂರನೆಯ ಸುತ್ತು ಬೇಕು. ಆ ಮೂರನೆಯ ಸುತ್ತನ್ನು ಹಗಲಿನೊಳಗೆ ತುರುಕುವ ಯತ್ನದಲ್ಲಿ ಅವಸರವು ಹುಟ್ಟುತ್ತದೆ.

6

ಮಾರುಕಟ್ಟೆಯ ಸ್ಥಾನಪಲ್ಲಟವು ಈ ಅವಸರಕ್ಕೆ ದೂರವನ್ನು ಕೂಡಿಸಿತು. ಮುಂಬಯಿಯ ಸಗಟು ವ್ಯಾಪಾರವು ಬಹುಕಾಲ ಮಸ್ಜಿದ್ ಬಂದರ್, ಭಾಯಖಳಾ ಮೊದಲಾದ ಒಳಪೇಟೆಗಳಲ್ಲಿ ನೆಲೆಸಿತ್ತು. ನಗರದ ಇಕ್ಕಟ್ಟನ್ನು ತಗ್ಗಿಸುವ ಸಲುವಾಗಿ ಈ ಪೇಟೆಗಳನ್ನು ಹಂತಹಂತವಾಗಿ ಠಾಣೆ ಖಾರಿಯ ಆಚೆಗೆ, ನವಿ ಮುಂಬಯಿಯ ವಾಶಿಗೆ ಸಾಗಿಸಲಾಯಿತು. ಈರುಳ್ಳಿ ಬಟಾಟೆಯ ಪೇಟೆ 1980ರ ದಶಕದ ಆರಂಭದಲ್ಲಿ, ತರಕಾರಿ ಮತ್ತು ಹಣ್ಣಿನ ಪೇಟೆಗಳು 1990ರ ದಶಕದಲ್ಲಿ ಅಲ್ಲಿಗೆ ಹೋದವು. ಅತ್ತ ಭಿವಂಡಿಯ ಸುತ್ತಮುತ್ತ ದೊಡ್ಡ ದೊಡ್ಡ ಗೋದಾಮುಗಳೆದ್ದವು. ಪುಣೆ, ಸಾತಾರಾ, ಬೆಳಗಾವಿ, ಹುಬ್ಬಳ್ಳಿಗಳ ಕಡೆಯಿಂದ ರಾತ್ರಿಯಿಡೀ ಓಡಿ ಬಂದ ದೊಡ್ಡ ಲಾರಿಯು ನಗರದ ಹೊಸ್ತಿಲಿನಲ್ಲಿ ಸರಕನ್ನು ಇಳಿಸುತ್ತದೆ. ಅಲ್ಲಿಂದ ಒಳಕ್ಕೆ ಅದನ್ನು ಹಂಚುವ ಭಾರವು ಚಿಕ್ಕ ಗಾಡಿಯ ಪಾಲಿಗೆ ಬರುತ್ತದೆ. ಬೆಳಗು ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಗರದೊಳಗೆ ನಿರ್ಬಂಧವಿರುವುದರಿಂದ ಈ ಶ್ರಮವಿಭಾಗವು ಇನ್ನಷ್ಟು ಗಟ್ಟಿಯಾಯಿತು.

ಮಾಟುಂಗಾದ ಅಥವಾ ಘಾಟಕೋಪರದ ಉಡುಪಿ ಹೋಟೆಲಿನಲ್ಲಿ ಬೆಳಗಿನ ಗಿರಾಕಿಗೆ ಸಾಂಬಾರು ಸಿಗಬೇಕಾದರೆ ನುಗ್ಗೆಕಾಯಿಯೂ ಕುಂಬಳಕಾಯಿಯೂ ನಸುಕಿನಲ್ಲಿಯೇ ಖಾರಿಯನ್ನು ದಾಟಿ ಬರಬೇಕು. ಮುಂಬಯಿಯ ಕನ್ನಡಿಗರ ಬಹು ದೊಡ್ಡ ಉದ್ಯಮವೊಂದು ಹೀಗೆ ಪಿಕಪ್ಪಿನ ಚಕ್ರಗಳ ಮೇಲೆ ನಿಂತಿದೆ. ತಡವಾಗಿ ಬಂದ ತರಕಾರಿಗೆ ಬೆಲೆಯಿಳಿಯುತ್ತದೆ; ತಡವಾಗಿ ಬಂದ ಗಾಡಿಗೆ ನಾಳೆಯ ಬಾಡಿಗೆ ತಪ್ಪುತ್ತದೆ.

ಒಂದು ತಡೆ ಮಾತ್ರ ಬಹುಕಾಲ ಉಳಿದಿತ್ತು. ಅದು ನಗರದ ಬಾಗಿಲುಗಳಲ್ಲಿದ್ದ ಜಕಾತಿಯ ಕಟ್ಟೆ. ಮುಲುಂಡ, ದಹಿಸರ, ಮಾನಖುರ್ದಗಳ ನಾಕೆಗಳಲ್ಲಿ ಸರಕಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಪೆರ್ಜುಂಕದ ಈ ದೂರದ ಸಂತಾನವು 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಾಗ ಕೊನೆಗೊಂಡಿತು. ಎಂಟು ಒಂಬತ್ತು ಶತಮಾನಗಳ ಕಾಲ ಸರಕನ್ನು ದಾರಿಯಲ್ಲಿ ನಿಲ್ಲಿಸಿ ಎಣಿಸುತ್ತಿದ್ದ ಪದ್ಧತಿಯು ಹೋಗಿ, ನಿಲ್ಲದೆ ಓಡುವುದೇ ಸರಕಿನ ಧರ್ಮವಾಯಿತು. ವಾಣಿಜ್ಯದ ದೃಷ್ಟಿಯಿಂದ ಇದು ಲಾಭವೇ. ಆದರೆ ಕಟ್ಟೆಯಲ್ಲಿ ಉಳಿದ ಹೊತ್ತು ಚಾಲಕನಿಗೆ ವಿಶ್ರಾಂತಿಯಾಗಿ ಸಿಗಲಿಲ್ಲ. ಅದು ಇನ್ನೊಂದು ಸುತ್ತಿನ ಲೆಕ್ಕಕ್ಕೆ ಜಮೆಯಾಯಿತು.

7

ಇನ್ನು ವೇಗದ ಲಾಭನಷ್ಟಗಳ ಲೆಕ್ಕ. 25 ಕಿಲೋಮೀಟರಿನ ಹೆದ್ದಾರಿಯನ್ನು ಗಂಟೆಗೆ 60 ಕಿಲೋಮೀಟರಿನಂತೆ ಎಲ್ಲಿಯೂ ನಿಲ್ಲದೆ ಕ್ರಮಿಸಿದರೆ 25 ನಿಮಿಷ ಬೇಕು. 80ರಂತೆ ಕ್ರಮಿಸಿದರೆ ಸುಮಾರು 19 ನಿಮಿಷ. ಉಳಿಯುವುದು ಆರು ನಿಮಿಷ. ದಟ್ಟಣೆಯ ಹೆದ್ದಾರಿಯಲ್ಲಿ ಒಂದೇ ವೇಗವನ್ನು ಕಾಯ್ದುಕೊಳ್ಳುವುದು ಸಾಧ್ಯವಿಲ್ಲವಾದ್ದರಿಂದ ಈ ಆರೂ ಕೈಗೆ ಸಿಗುವುದಿಲ್ಲ. ಮುಂದಿನ ಟೋಲಿನಲ್ಲಿ ಅಥವಾ ಸೇತುವೆಯ ಬಾಯಿಯಲ್ಲಿ ಹಿಂದೆ ಬಿಟ್ಟು ಬಂದ ಕಾರು ಪಕ್ಕದಲ್ಲಿಯೇ ಬಂದು ನಿಲ್ಲುತ್ತದೆ.

ಖರ್ಚಿನ ಪಟ್ಟಿಯು ಬೇರೆಯೇ ಇದೆ. ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಚಾಲಕನಿಗೆ ಒಂದೂವರೆ ಸೆಕೆಂಡು ಬೇಕೆಂದೂ, ಹೊರೆ ತುಂಬಿದ ಗಾಡಿಯ ವೇಗವು ಬ್ರೇಕು ಹಿಡಿದಾಗ ಪ್ರತಿ ಸೆಕೆಂಡಿಗೆ 5 ಮೀಟರಿನಂತೆ ತಗ್ಗುತ್ತದೆಂದೂ ಇಟ್ಟುಕೊಂಡರೆ, 40 ಕಿಲೋಮೀಟರಿನ ವೇಗದಲ್ಲಿ ಗಾಡಿಯು ನಿಲ್ಲಲು ಸುಮಾರು 29 ಮೀಟರ್ ಬೇಕು. 60ರಲ್ಲಿ ಸುಮಾರು 53. 80ರಲ್ಲಿ ಸುಮಾರು 83. ವೇಗವು ಇಮ್ಮಡಿಯಾದರೆ ಬಡಿತದ ಶಕ್ತಿಯು ನಾಲ್ಮಡಿಯಾಗುವುದು ಭೌತಶಾಸ್ತ್ರದ ನಿಯಮ. ಆರು ನಿಮಿಷಗಳ ಲಾಭಕ್ಕಾಗಿ ಮೂವತ್ತು ಮೀಟರುಗಳನ್ನು ಒತ್ತೆಯಿಟ್ಟಂತಾಯಿತು. ಜನನಿಬಿಡವಾದ ಹೆದ್ದಾರಿಯಲ್ಲಿ ಆ ಮೂವತ್ತು ಮೀಟರುಗಳೊಳಗೆ ಬಸ್ಸಿನಿಂದ ಇಳಿದವನೋ, ಮೋಟಾರ್ ಸೈಕಲ್ಲಿನವನೋ ಇದ್ದೇ ಇರುತ್ತಾನೆ. ಕೇಂದ್ರ ಸರ್ಕಾರದ ಅಂಕಿಅಂಶಗಳಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಮೃತರಾದರು. ಆ ಸಾವುಗಳಲ್ಲಿ ನೂರಕ್ಕೆ 71ರಷ್ಟನ್ನು ಮಿತಿಮೀರಿದ ವೇಗದ ಲೆಕ್ಕಕ್ಕೆ ಬರೆಯಲಾಗಿದೆ.

ಇದನ್ನು ತಡೆಯಲು ಶಾಸನವು ಪ್ರಯತ್ನಿಸದೆ ಇಲ್ಲ. 2015ರ ಅಧಿಸೂಚನೆಯು ಸರಕಿನ ವಾಹನಗಳು 80 ಕಿಲೋಮೀಟರನ್ನು ಮೀರದಂತೆ ವೇಗನಿಯಂತ್ರಕವನ್ನು ಜೋಡಿಸಬೇಕೆಂದು ವಿಧಿಸಿತು. 2018ರ ಏಪ್ರಿಲಿನ ಅಧಿಸೂಚನೆಯು ಸರಕಿನ ವಾಹನಗಳಿಗೆ ವಿಭಜಿತ ಹೆದ್ದಾರಿಗಳಲ್ಲಿ 80, ನಗರಸಭೆಯ ರಸ್ತೆಗಳಲ್ಲಿ 60 ಎಂಬ ಗರಿಷ್ಠ ಮಿತಿಯನ್ನು ಗೊತ್ತುಮಾಡಿತು. ಕಾರುಗಳ ಮಿತಿಯನ್ನು ಇದಕ್ಕಿಂತ ಮೇಲಕ್ಕೇರಿಸಿತು. ಅಪಘಾತದ ಪರಿಹಾರದ ಒಂದು ಮೊಕದ್ದಮೆಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು 2021ರಲ್ಲಿ ಈ ಅಧಿಸೂಚನೆಯನ್ನೇ ರದ್ದುಗೊಳಿಸಿತು. ಇಂಗ್ಲೆಂಡಿನಲ್ಲಿ 1930 ಮತ್ತು 1935ರ ನಡುವೆ ಕಂಡ ಹಿಂದುಮುಂದಿನ ಚಲನೆಯು ಹೀಗೆ ಭಾರತದಲ್ಲಿಯೂ ಕಂಡುಬಂದಿತು. ಇನ್ನೊಂದು ತೀರ್ಪೂ ಇಲ್ಲಿ ಪ್ರಸ್ತುತ. ಒಟ್ಟು ತೂಕ 7,500 ಕಿಲೋಗ್ರಾಮನ್ನು ಮೀರದ ಸರಕಿನ ಗಾಡಿಯನ್ನು ನಡೆಸಲು ಲಘು ಮೋಟಾರು ವಾಹನದ ಪರವಾನಗಿಯೇ ಸಾಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೇಳಿದುದನ್ನು 2024ರ ನವೆಂಬರಿನಲ್ಲಿ ಸಂವಿಧಾನ ಪೀಠವು ಎತ್ತಿಹಿಡಿಯಿತು. ಇದರಿಂದ ಅಸಂಖ್ಯ ಚಾಲಕರ ಜೀವನೋಪಾಯವು ಉಳಿಯಿತು. ಕಾರಿನ ಪರವಾನಗಿಯಿಂದಲೇ ಹೊರೆಯ ಗಾಡಿಯನ್ನೂ ನಡೆಸಬಹುದಾದ್ದರಿಂದ, ಹೊರೆಯ ಗುಣವನ್ನು ಕಲಿಸುವ ಹೊಣೆಯು ಹಿಂದಿಗಿಂತ ಹೆಚ್ಚಾಯಿತೆಂಬುದನ್ನೂ ಮರೆಯಲಾಗದು.

8

ಚಾಲಕನ ತಪ್ಪನ್ನು ಮುಚ್ಚುವುದು ಈ ವಿವೇಚನೆಯ ಅಭಿಪ್ರಾಯವಲ್ಲ. ಚಕ್ರವು ಅವನ ಕೈಯಲ್ಲಿದೆ; ಅವನ ಮುಂದೆ ಇರುವ ಜೀವವು ಅವನ ಎಚ್ಚರವನ್ನು ನಂಬಿ ರಸ್ತೆಗಿಳಿದಿದೆ. ಸಾಲದ ಕಂತು ಎಷ್ಟೇ ದೊಡ್ಡದಾಗಿರಲಿ, ಅದು ಇನ್ನೊಬ್ಬರ ಪ್ರಾಣಕ್ಕೆ ಸಮನಾಗದು. ಆದರೆ ಅವನೊಬ್ಬನನ್ನೇ ಹಿಡಿದು ದಂಡಿಸಿದರೆ ರೋಗವು ವಾಸಿಯಾಗದೆಂಬುದನ್ನು 1860ರಿಂದ ಇಂದಿನವರೆಗಿನ ಅನುಭವವು ತೋರಿಸುತ್ತದೆ. ಅವನ ಅವಸರದಲ್ಲಿ ಹಲವರಿಗೆ ಪಾಲಿದೆ: ಖಾರಿಯ ಆಚೆಗೆ ಹೋದ ಪೇಟೆಗೆ, ಊರಿನ ನಡುವೆ ದ್ರುತಗತಿಯ ರಸ್ತೆಯನ್ನು ಹಾಕಿದ ಯೋಜಕನಿಗೆ, ಸುತ್ತಿಗಿಷ್ಟು ಎಂದು ಬಾಡಿಗೆ ಗೊತ್ತುಮಾಡಿದ ಮಾಲಿಕನಿಗೆ, ಸಾಲದ ಅವಧಿಯನ್ನು ಬಿಗಿಯಾಗಿ ಕಟ್ಟಿದ ಸಾಲಿಗನಿಗೆ, ಏಳು ಗಂಟೆಯೊಳಗೆ ಸರಕು ಬರಲೇಬೇಕೆಂದು ಫೋನಿನಲ್ಲಿ ಗದರಿಸುವ ಗಿರಾಕಿಗೆ.

ಆಶ್ಚರ್ಯದ ಸಂಗತಿಯೆಂದರೆ, ಕಾನೂನು ಇದನ್ನು ಅರಿಯದೆ ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ 183ನೆಯ ಕಲಮಿನಲ್ಲಿ ಹೆಚ್ಚಾಗಿ ಯಾರೂ ಓದದ ನಾಲ್ಕನೆಯ ಉಪಕಲಮೊಂದಿದೆ. ವೇಗದ ಮಿತಿಯನ್ನು ಮೀರದೆ ಪೂರೈಸಲಾಗದಂಥ ಅವಧಿಯೊಳಗೆ ಪ್ರಯಾಣವನ್ನು ಮುಗಿಸಬೇಕೆಂದು ವೇಳಾಪಟ್ಟಿಯನ್ನು ಪ್ರಕಟಿಸಿದರೆ ಅಥವಾ ಆದೇಶವನ್ನು ಕೊಟ್ಟರೆ, ಹಾಗೆ ಮಾಡಿದವನೇ ಅಪರಾಧವೆಸಗಿದನೆಂಬುದಕ್ಕೆ ಆ ವೇಳಾಪಟ್ಟಿ ಅಥವಾ ಆದೇಶವು ಮೇಲ್ನೋಟದ ಸಾಕ್ಷ್ಯವಾಗುತ್ತದೆಂದು ಅದು ಹೇಳುತ್ತದೆ. 2019ರ ತಿದ್ದುಪಡಿಯು ಲಘು ವಾಹನದ ಮಿತಿಮೀರಿದ ವೇಗಕ್ಕೆ ಜುಲ್ಮಾನೆಯನ್ನು ಸಾವಿರದಿಂದ ಎರಡು ಸಾವಿರ ರೂಪಾಯಿಗಳವರೆಗೆ ಏರಿಸಿತು. ರಸ್ತೆಯ ಮೇಲೆ ವಿದ್ಯುನ್ಮಾನ ಕಣ್ಗಾವಲಿಗೂ ಅವಕಾಶ ಕಲ್ಪಿಸಿತು. ಕ್ಯಾಮೆರಾವು ಗಾಡಿಯ ಸಂಖ್ಯೆಯನ್ನು ಹಿಡಿಯುತ್ತದೆ. ಅವಸರಕ್ಕೆ ಆಜ್ಞೆ ಕೊಟ್ಟವನ ಫೋನನ್ನು ಅದು ಹಿಡಿಯಲಾರದು. ಅದಕ್ಕೆ ಈ ಉಪಕಲಮೇ ಬೇಕು.

ಹಿಂದೆ ಸುಂಕದ ಕಟ್ಟೆಯಲ್ಲಿ ಹೇರನ್ನು ತಡೆದು, ಇದು ಯಾರ ಸರಕು, ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿದ್ದರು. ಮಿತಿಮೀರಿ ಓಡಿದ ಪಿಕಪ್ಪನ್ನು ತಡೆದಾಗಲೂ ಆ ಎರಡು ಪ್ರಶ್ನೆಗಳೊಡನೆ ಮೂರನೆಯದೊಂದನ್ನು ಕೇಳಬಹುದು: ಇದು ಎಷ್ಟು ಗಂಟೆಗೆ ತಲುಪಬೇಕೆಂದು ಹೇಳಿದವರು ಯಾರು? ಉತ್ತರವನ್ನು ಬರೆದುಕೊಳ್ಳಲು ಹೊಸ ಕಾಯಿದೆಯ ಅಗತ್ಯವಿಲ್ಲ.